ಹಿಂದಿನ ಎಡಚಕ್ರದ ಗಾಳಿ ಹೋಗುತ್ತಿದ್ದ ದಾರಿ

ಕೆಲಸ ಮಂಡ್ಯದಲ್ಲಿ, ಮನೆ ಮೈಸೂರಿನ ಕುವೆಂಪುನಗರದಲ್ಲಿ. ರೈಲು ಸಿಕ್ಕಿದ ದಿನ ರೈಲು, ತಪ್ಪಿದ ದಿನ ಕಾರು. ಆ ಕಾರಿನ ಹಿಂದಿನ ಎಡಚಕ್ರ ಎರಡು ತಿಂಗಳಿನಿಂದ ನನ್ನನ್ನು ಪೆಟ್ರೋಲ್ ಬಂಕಿನ ಗಾಳಿ ಹಾಕುವ ಹುಡುಗನ ಸ್ನೇಹಿತನನ್ನಾಗಿ ಮಾಡಿಬಿಟ್ಟಿತ್ತು. ದೂರದಿಂದ ಕಂಡರೇ ಪೈಪು ಎಳೆದುಕೊಂಡು ನೇರವಾಗಿ ಆ ಚಕ್ರದ ಬಳಿಗೇ ಬರುತ್ತಿದ್ದ.

ಪೂರ್ತಿ ಇಳಿದು ನೆಲಕ್ಕೆ ಕೂತರೆ ಪಂಕ್ಚರ್ ಎಂದು ಸ್ಟೆಪ್ನಿ ಹಾಕಿ ಮುಂದಿನ ಕೆಲಸ ನೋಡಬಹುದು. ಇದು ಹಾಗಲ್ಲ. ಗಾಳಿ ಹಾಕಿಸಿದರೆ ವಾರ ಓಡುತ್ತದೆ. ಆಮೇಲೆ ಒಂದು ಬೆಳಿಗ್ಗೆ ಹಿಂದಿನಿಂದ ಬಂದ ಸ್ಕೂಟರಿನವರು ಯಾರೋ ಚಕ್ರದ ಕಡೆ ಬೆರಳು ತೋರಿಸಿ ಹೋಗುತ್ತಾರೆ. ಊರೊಳಗೆ ಓಡಾಡುವ ಕಾರಾಗಿದ್ದರೆ ನಾನೂ ಹೀಗೇ ವರ್ಷ ದೂಡುತ್ತಿದ್ದೆನೇನೋ. ಆದರೆ ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಗಾಳಿ ಕಡಿಮೆಯಿರುವ ಟೈರು ಓಡಿದರೆ ಅದರ ಪಕ್ಕೆ ಸುತ್ತು ಸುತ್ತಿಗೂ ಬಾಗಿ ಬಾಗಿ ಕಾಯುತ್ತದೆ. ಒಳಗಿನ ಪದರ ಬಿಡುವುದು ಆ ಕಾವಿಗೇ. ಆಯುಧಪೂಜೆಯ ಹೊತ್ತಿಗೆ ಈ ಕಥೆ ಮುಗಿಸಬೇಕೆಂದು ಒಂದು ನೋಟ್‌ಬುಕ್ ತೆಗೆದುಕೊಂಡು ಕುಳಿತೆ.

ಮೊದಲು ಅಳತೆ. ಬಂಕಿನ ಮೀಟರಿಗೂ ನನ್ನ ಕೈಯಲ್ಲಿರುವ ಡಿಜಿಟಲ್ ಮೀಟರಿಗೂ ಎರಡು ಪಿಎಸ್‌ಐ ವ್ಯತ್ಯಾಸ. ನಮ್ಮಲ್ಲಿ ಪಿಎಸ್‌ಐ ಎಂದರೆ ಮೊದಲು ಠಾಣೆಯ ಸಬ್‌ಇನ್‌ಸ್ಪೆಕ್ಟರ್ ನೆನಪಾಗುತ್ತಾರೆ; ಇಲ್ಲಿ ಅದು ಒಂದು ಚದರ ಅಂಗುಲದ ಮೇಲೆ ಎಷ್ಟು ಪೌಂಡ್ ಒತ್ತಡ ಎಂಬ ಲೆಕ್ಕ. ಎರಡರಲ್ಲಿ ಯಾವ ಮೀಟರು ಸರಿ ಎಂದು ತಲೆ ಕೆಡಿಸಿಕೊಳ್ಳಲಿಲ್ಲ. ಸೋರಿಕೆ ಹುಡುಕುವವನಿಗೆ ಬೇಕಾದದ್ದು ದಿನದಿಂದ ದಿನಕ್ಕೆ ಆಗುವ ಬದಲಾವಣೆ. ಅದಕ್ಕೆ ಒಂದೇ ಮೀಟರು, ಒಂದೇ ಹೊತ್ತು ಸಾಕು. ಚಾಲಕನ ಬಾಗಿಲು ತೆಗೆದರೆ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿ 33 ಎಂದಿದೆ. ಸೋಮವಾರ ಬೆಳಿಗ್ಗೆ ಆರೂವರೆಗೆ, ರಾತ್ರಿಯೆಲ್ಲ ನಿಂತು ತಣ್ಣಗಾದ ನಾಲ್ಕು ಚಕ್ರಗಳಿಗೂ 33 ತುಂಬಿಸಿದೆ.

ಗುರುವಾರ ಬೆಳಿಗ್ಗೆ ಆ ಚಕ್ರದಲ್ಲಿ 30. ಉಳಿದ ಮೂರು ಅಲ್ಲಾಡಿರಲಿಲ್ಲ. ಅದೇ ದಿನ ಮಧ್ಯಾಹ್ನ ಮಂಡ್ಯದ ಬಿಸಿಲಲ್ಲಿ ಕುತೂಹಲಕ್ಕೆ ಇನ್ನೊಮ್ಮೆ ಅಳೆದರೆ ಮತ್ತೆ 33! ತಾನಾಗಿಯೇ ವಾಸಿಯಾಯಿತೆಂದು ಅರ್ಧ ಗಂಟೆ ಖುಷಿಪಟ್ಟೆ. ಆಮೇಲೆ ಉಳಿದ ಮೂರನ್ನೂ ಅಳೆದೆ, ಅವೆಲ್ಲ 36. ಟೈರಿನೊಳಗಿನ ಗಾಳಿ ಹತ್ತು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಓಡಿ ಬಂದ ಕಾವು, ಮೇಲೆ ಬಿಸಿಲು. ಹೊತ್ತಲ್ಲದ ಹೊತ್ತಿನಲ್ಲಿ ಅಳೆದವರಿಗೆ ಟೈರು ಹೀಗೇ ಸುಳ್ಳು ಹೇಳುತ್ತದೆ. ಬಂಕಿನಲ್ಲಿ ಎರಡು ತಿಂಗಳು ನಾನು ಮಾಡಿದ್ದೂ ಇದನ್ನೇ: ಒಮ್ಮೆ ಬೆಳಿಗ್ಗೆ, ಒಮ್ಮೆ ಸಂಜೆ, ಒಮ್ಮೆ ಚಾಮುಂಡಿ ಬೆಟ್ಟ ಇಳಿದು ಬಂದ ಕೂಡಲೇ.

ಒಂಬತ್ತನೆಯ ದಿನ ಬೆಳಿಗ್ಗೆ 24. ಅಂದರೆ ದಿನಕ್ಕೆ ಒಂದು ಪಿಎಸ್‌ಐ. ಯಾವ ತೊಂದರೆಯೂ ಇಲ್ಲದ ಟೈರಿನಲ್ಲೂ ತಿಂಗಳಿಗೆ ಒಂದೆರಡು ಪಿಎಸ್‌ಐ ರಬ್ಬರಿನ ಮೂಲಕವೇ ಹೊರಟುಹೋಗುತ್ತದೆ. ಒಳಪದರಕ್ಕೆ ಬ್ಯುಟೈಲ್ ರಬ್ಬರ್ ಬಳಸುವುದು ಅದನ್ನು ತಗ್ಗಿಸುವುದಕ್ಕೆಂದೇ. ದಿನಕ್ಕೊಂದು ಎಂದರೆ ಎಲ್ಲೋ ತೂತಿದೆ ಎಂದೇ ಅರ್ಥ.

ಅಂದು ಸಂಜೆ ಕಾರನ್ನು ಮುಂದಕ್ಕೂ ಹಿಂದಕ್ಕೂ ಒಂದೊಂದು ಅಡಿ ಉರುಳಿಸುತ್ತ ಟೈರಿನ ಮೈಯನ್ನು ಟಾರ್ಚ್ ಬೆಳಕಿನಲ್ಲಿ ಓದಿದೆ. ಸಿಕ್ಕಿತು. ತುಕ್ಕು ಹಿಡಿದ ಚೌಕ ತಲೆಯ ಮೊಳೆ, ಎತ್ತಿನ ಲಾಳಕ್ಕೆ ಹೊಡೆಯುವಂಥದ್ದು. ಮಂಡ್ಯದ ಕಡೆ ಕಬ್ಬಿನ ಗಾಡಿಗಳ ಹಿಂದೆ ಹೋಗುವವನಿಗೆ ಇದಕ್ಕಿಂತ ಸಹಜವಾದ ಅಪರಾಧಿ ಬೇಕೇ? ಇಕ್ಕಳ ತಂದು ಎಳೆಯಹೊರಟವನು ಹೇಗೋ ತಡೆದುಕೊಂಡು ಮೊದಲು ಅದರ ಮೇಲೆ ಸೋಪಿನ ನೀರು ಬಿಟ್ಟೆ. ಒಂದು ಗುಳ್ಳೆಯೂ ಏಳಲಿಲ್ಲ. ಸ್ಟೆಪ್ನಿಯಲ್ಲಿ ಗಾಳಿ ಇದೆಯೆಂದು ಖಾತ್ರಿ ಮಾಡಿಕೊಂಡು ಎಳೆದೆ. ಒಳಗಿದ್ದದ್ದು ಅರ್ಧ ಅಂಗುಲವೂ ಇಲ್ಲ. ದಪ್ಪ ರಬ್ಬರಿನಲ್ಲೇ ನಿಂತಿತ್ತು, ಒಳಗಿನ ಉಕ್ಕಿನ ಬೆಲ್ಟನ್ನು ಮುಟ್ಟಿರಲಿಲ್ಲ. ಮತ್ತೆ ಸೋಪಿನ ನೀರು, ಮತ್ತೆ ಏನೂ ಇಲ್ಲ. ನಿರಪರಾಧಿ. ಮೊಳೆ ಕಂಡ ಕೂಡಲೇ ಅದೇ ಕಾರಣವೆಂದು ಅಲ್ಲಿಗೆ ಪಂಕ್ಚರ್ ಮುಚ್ಚುವ ರಬ್ಬರಿನ ಸ್ಟ್ರಿಪ್ ತುರುಕಿಸಿದ್ದರೆ ಇಲ್ಲದ ತೂತನ್ನು ನಾನೇ ಮಾಡಿಸಿಕೊಂಡಂತೆ ಆಗುತ್ತಿತ್ತು. ಎರಡು ವರ್ಷದ ಹಿಂದೆ ಮದ್ದೂರಿನಲ್ಲಿ ಹಾಕಿಸಿದ್ದ ಹಳೆಯ ಸ್ಟ್ರಿಪ್ಪನ್ನೂ ಪರೀಕ್ಷಿಸಿದೆ, ಅದೂ ಗಟ್ಟಿಯಾಗಿತ್ತು.

ವಾಲ್ವಿಗೆ ಎಂಜಲು. ಪಂಕ್ಚರ್ ಅಂಗಡಿಯವರ ಈ ಪುರಾತನ ಪರೀಕ್ಷೆಗಿಂತ ಅಗ್ಗದ್ದು ಇನ್ನೊಂದಿಲ್ಲ: ಬೆರಳ ತುದಿಯಲ್ಲಿ ಸವರಿ ಬಾಯಿ ಮುಚ್ಚಿಸಿದರೆ, ಒಳಗೆ ಗಾಳಿ ತಡೆದಿಡುವ ಪಿನ್ ಸೋರುತ್ತಿದ್ದಾಗ ಪರೆ ಉಬ್ಬುತ್ತದೆ. ಉಬ್ಬಲಿಲ್ಲ. ವಾಲ್ವಿನ ರಬ್ಬರ್ ಕತ್ತನ್ನು ನಾಲ್ಕೂ ಕಡೆ ಬಾಗಿಸಿ ಬುಡಕ್ಕೆ ಸೋಪಿನ ನೀರು ಹಾಕಿದೆ. ಬಿರುಕಿದ್ದರೆ ಬಾಗಿಸಿದಾಗ ಬಾಯಿ ಬಿಡುತ್ತದೆ. ಅಲ್ಲೂ ಸೊನ್ನೆ.

ಮರುದಿನ ಚಕ್ರ ಬಿಚ್ಚಿ ಪಂಕ್ಚರ್ ಅಂಗಡಿಗೆ ಹೊತ್ತೊಯ್ದೆ. ಅವನು ನೀರಿನ ತೊಟ್ಟಿಯಲ್ಲಿ ಚಕ್ರವನ್ನು ಒಂದು ಸುತ್ತು ತಿರುಗಿಸಿ, "ಎಲ್ಲೂ ಇಲ್ಲ ಸಾರ್. ನೈಟ್ರೋಜನ್ ಹಾಕಿಸಿಬಿಡಿ" ಎಂದ. ಬೇಡವೆಂದಾಗ, "ಹಾಗಾದರೆ ಟ್ಯೂಬ್ ಹಾಕಿಬಿಡೋಣ" ಎಂದ. ಎರಡನ್ನೂ ಬಿಟ್ಟೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ತೂತಿದ್ದರೆ ಅದೂ ಆಮ್ಲಜನಕದ ಹಿಂದೆಯೇ ಹೋಗುತ್ತದೆ. ಟ್ಯೂಬ್‌ಲೆಸ್ ಟೈರಿನೊಳಗೆ ಟ್ಯೂಬ್ ತುರುಕಿದರೆ ಉಜ್ಜಿ ಬಿಸಿಯಾಗುತ್ತದೆ. ಅದು ಒಡೆದಾಗ ಗಾಳಿ ನಿಧಾನಕ್ಕಲ್ಲ, ಒಮ್ಮೆಲೇ ಹೋಗುತ್ತದೆ. ಒಳಗೆ ಹಾಕುವ ಲೋಳೆಯಂಥ ದ್ರಾವಣವನ್ನೂ ಇನ್ನೊಬ್ಬರು ಹೇಳಿದ್ದರು. ಚಕ್ರ ತಿರುಗುವಾಗ ಅದು ಹೊರಮೈ ಕಡೆಗೆ ಚಿಮ್ಮಿ ಅಲ್ಲಿ ಹರಡುತ್ತದೆ. ಮೊಳೆಯ ತೂತಾಗಿದ್ದರೆ ಸರಿ, ನನಗೆ ತೂತು ಎಲ್ಲಿದೆ ಎಂಬುದೇ ಗೊತ್ತಿಲ್ಲ.

ಅಂಗಡಿಯವನದೂ ತಪ್ಪೆನ್ನಲಾರೆ. ರಾತ್ರಿ ಲೆಕ್ಕ ಹಾಕಿದಾಗ ಅದು ತಿಳಿಯಿತು. 175/65 ಆರ್14 ಅಳತೆಯ ಟೈರಿನೊಳಗೆ ಅಂದಾಜು 25 ಲೀಟರ್ ಜಾಗವಿದೆ. ದಿನಕ್ಕೆ ಒಂದು ಪಿಎಸ್‌ಐ ಇಳಿಯುವುದೆಂದರೆ ಹೊರಗೆ ಬರುವ ಗಾಳಿ ದಿನಕ್ಕೆ ಎರಡು ಲೀಟರಿಗೂ ತುಸು ಕಡಿಮೆ. ನಿಮಿಷಕ್ಕೆ ಭಾಗಿಸಿದರೆ ಕಾಲು ಟೀ ಚಮಚ. ಅವನು ಚಕ್ರವನ್ನು ತೊಟ್ಟಿಯಲ್ಲಿಟ್ಟದ್ದು ಹತ್ತು ಸೆಕೆಂಡು. ಅಷ್ಟರಲ್ಲಿ ಬಂದಿರಬಹುದಾದ ಗಾಳಿ ನಾಲ್ಕು ಹನಿಯಷ್ಟು. ಅದೂ ಒಂದೇ ಕಡೆಯಿಂದ ಅಲ್ಲದೆ ಹತ್ತಾರು ಸಣ್ಣ ಸಂದುಗಳಿಂದ ಹಂಚಿಕೊಂಡು ಬಂದಿದ್ದರೆ ಅಲ್ಲಾಡುವ ಕೆಂಪು ನೀರಿನಲ್ಲಿ ಯಾರಿಗೆ ತಾನೇ ಕಾಣುತ್ತದೆ?

ನಮ್ಮ ಎದುರು ಮನೆಯವರು ಮೇಟಗಳ್ಳಿಯ ಟೈರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. 1997ರಲ್ಲಿ ಜೆ.ಕೆ. ಟೈರ್ ಕೈಗೆ ಹೋದರೂ ಮೈಸೂರಿನ ಹಳಬರಿಗೆ ಅದು ಇವತ್ತಿಗೂ ವಿಕ್ರಾಂತ್. ಗೇಟಿನ ಬಳಿ ನಿಂತು ನನ್ನ ಸರ್ಕಸ್ಸನ್ನು ಎರಡು ದಿನ ನೋಡಿದವರು ಮೂರನೆಯ ದಿನ ತಡೆಯಲಾರದೆ ಬಂದರು. ಚಕ್ರದ ಒಳಮೈ ಮೇಲೆ ಒಮ್ಮೆ ಬೆರಳಾಡಿಸಿ, "ಇದಕ್ಕೆ ಬಣ್ಣ ಹೊಡೆಸಿದವರು ಯಾರಪ್ಪಾ?" ಎಂದು ಕೇಳಿದರು. ಕಾರು ನಾನು ಕೊಂಡಾಗಲೇ ಎರಡನೆಯ ಕೈಯದು. ಅಲಾಯ್ ಚಕ್ರಗಳು, ಅಂದರೆ ಅಲ್ಯುಮಿನಿಯಂ ಮಿಶ್ರಲೋಹದವು, ಫಳಫಳ ಹೊಳೆಯುತ್ತಿದ್ದವು. ಆ ಹೊಳಪಿಗೆ ಮರುಳಾಗಿಯೇ ನಾನು ಚೌಕಾಸಿಯಲ್ಲಿ ಸೋತಿದ್ದೆ. "ಟೈರು ಸೋರುತ್ತಿಲ್ಲ ಕಣಪ್ಪಾ, ಚಕ್ರ ಸೋರುತ್ತಿದೆ. ಮಲಗಿಸಿ ನೀರು ಕಟ್ಟು, ಕಾಫಿ ಕುಡಿದು ಬಂದು ನೋಡು" ಎಂದು ಹೇಳಿ ಹೊರಟೇಹೋದರು.

ಮಲಗಿಸಿ ನೀರು ಕಟ್ಟುವುದು ಎಂಬ ಮಾತು ಗದ್ದೆಯವರಿಗೆ ಬೇಗ ಅರ್ಥವಾಗುತ್ತದೆ. ಚಕ್ರವನ್ನು ಅಡ್ಡ ಮಲಗಿಸಿದರೆ ಟೈರು ಮತ್ತು ಲೋಹ ಕೂಡುವಲ್ಲಿ ಸುತ್ತಲೂ ಒಂದು ಸಣ್ಣ ಕಾಲುವೆ ಉಂಟಾಗುತ್ತದೆ. ಅದರ ತುಂಬ ಸೋಪಿನ ನೀರು ನಿಲ್ಲಿಸಿ ಕಾಯಬೇಕು. ಸೋಪಿನ ನೀರು ಎಂದ ಕೂಡಲೇ ಕೈ ಹೋಗುವುದು ಪಾತ್ರೆ ತೊಳೆಯುವ ದ್ರವಕ್ಕೆ. ಆದರೆ ಅಂಥ ದ್ರವಗಳಲ್ಲಿ ದಪ್ಪಗಾಗಲೆಂದು ಉಪ್ಪು ಸೇರಿಸಿರುವುದುಂಟು. ಅಲ್ಯುಮಿನಿಯಂ ಸವೆಯುತ್ತಿದೆಯೇನೋ ಎಂಬ ಅನುಮಾನವಿರುವ ಜಾಗಕ್ಕೆ ಅದನ್ನು ನಿಲ್ಲಿಸಿ ಕಾಫಿ ಕುಡಿಯಲು ಹೋಗುವ ಮನಸ್ಸಾಗಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಅಮ್ಮ ತನ್ನ ಮೈಸೂರು ರೇಷ್ಮೆ ಸೀರೆಗೆಂದು ಅಂಟುವಾಳದ ಕಾಯಿ ನೆನೆಹಾಕಿದ್ದಳು. ಅರ್ಧ ಪಾತ್ರೆ ಬಗ್ಗಿಸಿಕೊಂಡೆ. ಅದರ ನೊರೆ ಸಣ್ಣದು, ಒತ್ತಾದದ್ದು, ಬೇಗ ಒಡೆಯುವುದಿಲ್ಲ. ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಸೀರೆಯ ಪಾಲನ್ನು ಚಕ್ರಕ್ಕೆ ಸುರಿದದ್ದು ತಿಳಿದಾಗ ಅಮ್ಮ ಆಡಿದ ಮಾತುಗಳು ಈ ಬರಹಕ್ಕೆ ಬೇಡ.

ಗುಳ್ಳೆ ಚೆನ್ನಾಗಿ ಕಾಣಲೆಂದು ಒತ್ತಡವನ್ನು 40ಕ್ಕೆ ಏರಿಸಿದೆ. ಟೈರಿನ ಪಕ್ಕೆಯ ಮೇಲೆ ಬರೆದಿರುವ ಗರಿಷ್ಠಕ್ಕಿಂತ ಅದು ಕಡಿಮೆಯೇ. ಹೊರಮುಖ ಮೇಲೆ ಮಾಡಿ ಹದಿನೈದು ನಿಮಿಷ: ಏನೂ ಇಲ್ಲ. ಮಗುಚಿ ಒಳಮುಖ ಮೇಲೆ ಮಾಡಿದೆ, ಅಂದರೆ ಕಾರಿಗೆ ಹಾಕಿದಾಗ ಬ್ರೇಕಿನ ಕಡೆಗಿದ್ದು ಯಾರ ಕಣ್ಣಿಗೂ ಬೀಳದ ಭಾಗ. ಐದು ನಿಮಿಷದಲ್ಲಿ ಕಾಲುವೆಯ ಒಂದು ಕಡೆ ಹಸು ಕರೆಯುವಾಗ ಚೊಂಬಿನ ಅಂಚಿಗೆ ಕೂರುವಂಥ ಬಿಳಿ ನೊರೆ. ಗುಳ್ಳೆಗಳಲ್ಲ, ನೊರೆ, ಗೇಣುದ್ದ. ಅದರ ನಡುವೆ ಸಮತೋಲನಕ್ಕೆಂದು ಹಿಂದೆ ಯಾರೋ ಬಡಿದಿದ್ದ ಕ್ಲಿಪ್ಪಿನ ತೂಕದ ಗುರುತು. ಸೀಮೆಸುಣ್ಣದಿಂದ ಎರಡೂ ಕೊನೆಗಳಿಗೆ ಗೆರೆ ಎಳೆದು, ಎದುರು ಮನೆಯ ಕಡೆ ನೋಡಿದೆ. ಅವರು ಪೇಪರ್ ಓದುವ ನಟನೆ ಮಾಡುತ್ತಿದ್ದರು.

ಟೈರಿನ ಒಳ ಅಂಚಿನಲ್ಲಿ ಉಕ್ಕಿನ ತಂತಿಯ ಬಳೆ ಹುದುಗಿಸಿದ ದಪ್ಪ ತುಟಿಯಿದೆ. ಅಂಗಡಿಗಳಲ್ಲಿ ಬೀಡಿಂಗ್ ಎನ್ನುತ್ತಾರೆ. ಟ್ಯೂಬ್‌ಲೆಸ್ಸಿನಲ್ಲಿ ಗಾಳಿಯನ್ನು ಹಿಡಿದಿಡುವುದು ಈ ತುಟಿ ಲೋಹದ ಮೇಲೆ ಕಚ್ಚಿ ಕೂರುವ ಬಿಗಿಯೊಂದೇ. ಅದು ಕೂರುವ ಜಾಗವನ್ನು ಹೊರಗಡೆಗೆ ಐದು ಡಿಗ್ರಿ ಏರುವಂತೆ ಓರೆಯಾಗಿ ಮಾಡಿರುತ್ತಾರೆ. ಒಳಗಿನ ಗಾಳಿ ತಳ್ಳಿದಷ್ಟೂ ತುಟಿ ಆ ಏರಿಗೆ ಹತ್ತಿ ಬಿಗಿಯಾಗುತ್ತದೆ. ಅಲ್ಲಿ ಕೂದಲೆಳೆಯಷ್ಟು ತರಿ ಬಂದರೂ ಆ ಜಾಣತನವೆಲ್ಲ ವ್ಯರ್ಥ. ಕ್ಲಿಪ್ ಬಡಿದಾಗ ಬಣ್ಣ ಸೀಳುತ್ತದೆ, ನೀರು ಇಳಿಯುತ್ತದೆ, ಅಲ್ಯುಮಿನಿಯಂ ಬೂಷ್ಟಿನಂಥ ಬಿಳಿ ಪುಡಿಯಾಗಿ ಉಬ್ಬಿ ಪಕ್ಕದ ಬಣ್ಣವನ್ನೂ ಎತ್ತುತ್ತದೆ. ನನ್ನ ಚಕ್ರದಲ್ಲಿ ಆ ಪುಡಿಯನ್ನು ಉಜ್ಜದೆ ಅದರ ಮೇಲೇ ಹೊಳೆಯುವ ಬಣ್ಣ ಬಳಿದಿದ್ದರು.

ಬೀಡಿಂಗ್ ಬಿಡಿಸುವುದನ್ನು ಮನೆಯಲ್ಲೇ ಮಾಡುವ ಹುಂಬತನವೂ ನಡೆಯಿತು. ವಾಲ್ವ್ ಪಿನ್ ತೆಗೆದು ಗಾಳಿಯೆಲ್ಲ ಬಿಟ್ಟು, ಟೈರಿನ ಮೇಲೆ ಹಲಗೆಯಿಟ್ಟು, ಹಲಗೆಯ ಮೇಲೆ ಕಾರಿನ ಜಾಕ್ ನಿಲ್ಲಿಸಿ, ಜಾಕಿನ ತಲೆಯನ್ನು ಕಾರಿನ ತಳಕ್ಕೇ ಒತ್ತುವುದು. ಹಲಗೆ ಸೀಳಿತು. ಜಾಕ್ ಜಾರಿತು. ಬೆರಳು ಉಳಿಯಿತು. ಅಲ್ಲಿಗೆ ಬಿಟ್ಟು, ಟೈರು ಬಿಚ್ಚುವ ಯಂತ್ರವಿರುವ ಬೇರೆ ಅಂಗಡಿಗೆ ಹೋದೆ. ಇದಕ್ಕೆ ಯಂತ್ರವೇ ಸರಿ. ಮನೆಯಲ್ಲಿ ಮಾಡುವವರನ್ನು ನೋಡಿ ಮೆಚ್ಚಬಹುದು, ಅನುಸರಿಸಬಾರದು.

ಅಂಗಡಿಯವರಿಗೆ ನನ್ನ ಬೇಡಿಕೆ ವಿಚಿತ್ರವೆನಿಸಿತು: ನೀವು ಬಿಚ್ಚಿಕೊಡಿ, ಉಜ್ಜುವುದು ನಾನು, ಮತ್ತೆ ಹಾಕುವುದು ನೀವು. "ಕೂಲಿ ಯಾರಿಗೆ ಸಾರ್, ನನಗೋ ನಿಮಗೋ?" ಎಂದು ನಕ್ಕು ಒಂದು ಸ್ಟೂಲು ಕೊಟ್ಟರು. ಬಿಚ್ಚುವ ಮುನ್ನ ವಾಲ್ವಿನ ನೇರಕ್ಕೆ ಟೈರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿದೆ. ಅದೇ ಜಾಗಕ್ಕೆ ಮರಳಿ ಕೂತರೆ ಸಮತೋಲನ ಹೆಚ್ಚು ಕೆಡುವುದಿಲ್ಲ. ಟೈರು ಮೇಲೆದ್ದಾಗ ಗೇಣುದ್ದದ ಗುರುತಿನ ನೇರಕ್ಕೇ ಬಣ್ಣ ಹಪ್ಪಳದಂತೆ ಎದ್ದಿತ್ತು. ಉಗುರಿಗೆ ಸಿಕ್ಕಿ ಕಿತ್ತು ಬಂತು. ಅಡಿಯಲ್ಲಿ ಸುಣ್ಣದ ಪುಡಿಯಂಥದ್ದು.

ಮೊದಲು ಹಿತ್ತಾಳೆ ತಂತಿಯ ಬ್ರಷ್‌ನಲ್ಲಿ ಸಡಿಲವಾದದ್ದನ್ನೆಲ್ಲ ಕೆರೆದೆ. ಡ್ರಿಲ್ಲಿಗೆ ಉಕ್ಕಿನ ಬ್ರಷ್ ಸಿಕ್ಕಿಸಿ ಮಾಡಿದರೆ ಎರಡೇ ನಿಮಿಷದ ಕೆಲಸ, ಆದರೆ ಮೃದು ಲೋಹದಲ್ಲಿ ಗೀರು ಬೀಳುತ್ತದೆ. ಅಡ್ಡ ಬಿದ್ದ ಪ್ರತಿ ಗೀರೂ ಗಾಳಿಗೆ ಇನ್ನೊಂದು ಕಾಲುದಾರಿ. ಆಮೇಲೆ 220 ನಂಬರಿನ ಎಮರಿ ಕಾಗದವನ್ನು ನೀರಿನಲ್ಲಿ ಅದ್ದಿ, ಚಕ್ರ ಸುತ್ತುವ ದಿಕ್ಕಿನಲ್ಲೇ ಉಜ್ಜಿದೆ. ಗಟ್ಟಿ ಬಣ್ಣ ಮತ್ತು ಬರಿ ಲೋಹದ ನಡುವಿನ ಮೆಟ್ಟಿಲು ಬೆರಳಿಗೆ ತಾಗದಷ್ಟು ಇಳಿಜಾರಾಗುವವರೆಗೆ. ಮುಕ್ಕಾಲು ಗಂಟೆ ಹಿಡಿಯಿತು. ಟೈರಿನ ತುಟಿಗೂ ಬಣ್ಣದ ಚಕ್ಕೆಗಳು ಅಂಟಿದ್ದವು. ಅವನ್ನು ಬಟ್ಟೆಯಿಂದ ಒರೆಸಿದೆ, ಅಲ್ಲಿಗೆ ಎಮರಿ ತಾಗಿಸಲಿಲ್ಲ. ಒಣಗಿದ ಮೇಲೆ ತುಟಿಯ ಸಂದು ಮುಚ್ಚುವ ಕಪ್ಪು ಬೀಡ್ ಸೀಲರ್ ತೆಳ್ಳಗೆ ಒಂದು ಕೈ. ದಪ್ಪ ಬಳಿದರೆ ಅದೇ ಉಂಡೆಗಟ್ಟಿ ತರಿಯಾಗುತ್ತದೆ.

ಟೈರು ಹೊರಗಿದ್ದಾಗಲೇ ವಾಲ್ವನ್ನೂ ಬದಲಾಯಿಸಿದೆ. ಸೋರುತ್ತಿರಲಿಲ್ಲ ನಿಜ, ಆದರೆ ಅದಕ್ಕೂ ಟೈರಿನಷ್ಟೇ ವಯಸ್ಸು. ಟೈರಿನ ಪಕ್ಕೆಯ ಕೊನೆಯ ನಾಲ್ಕು ಅಂಕಿ ನೋಡಿದರೆ 2320, ಅಂದರೆ 2020ರ 23ನೆಯ ವಾರ. ಟಿಆರ್413 ಎಂಬ ಸಾಮಾನ್ಯ ವಾಲ್ವ್, ಕಾಫಿ ತಿಂಡಿಗಿಂತ ಅಗ್ಗ. ಟೈರು ಹತ್ತಿಸುವಾಗ ಸಹಾಯಕ ಹುಡುಗ ಹಳೆಯ ಎಂಜಿನ್ ಆಯಿಲ್ ಡಬ್ಬಕ್ಕೆ ಕೈ ಹಾಕಿದ. ತಡೆದು ಸೋಪನ್ನೇ ಸವರಿಸಿದೆ. ಪೆಟ್ರೋಲಿಯಂ ಎಣ್ಣೆ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ. ಪಿನ್ ಹಾಕದೆಯೇ ರಭಸವಾಗಿ ಗಾಳಿ ಬಿಟ್ಟಾಗ ಢಬ್, ಢಬ್ ಎಂದು ಎರಡು ಸದ್ದು, ಎರಡೂ ತುಟಿಗಳು ಕೂತ ಸದ್ದು. ಕೂರಿಸುವಾಗ 40 ದಾಟಬಾರದು. ಕೂರದಿದ್ದರೆ ಗಾಳಿ ಬಿಟ್ಟು ಮತ್ತೆ ಸೋಪು ಹಚ್ಚಬೇಕೇ ಹೊರತು ಒತ್ತಡ ಏರಿಸಬಾರದು. ಲೋಹದ ಅಂಚಿಗೆ ಹತ್ತಿರ ಟೈರಿನ ಮೇಲೆ ಒಂದು ತೆಳು ಗೆರೆ ಸುತ್ತಿರುತ್ತದೆ. ಅದು ಸುತ್ತಲೂ ಒಂದೇ ದೂರದಲ್ಲಿದೆಯೇ ಎಂದು ನೋಡಿ, ಚಕ್ರ ಹಾಕಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿದು ಮನೆಗೆ ಬಂದೆ. ರಾಜನಂತೆ ನಿದ್ದೆ ಮಾಡಿದೆ.

ಐದು ದಿನದ ನಂತರ ಬೆಳಿಗ್ಗೆ 31.5.

ಮೀಟರಿನ ಬ್ಯಾಟರಿ ಬದಲಿಸಿ ಮತ್ತೆ ಅಳೆದೆ. 31.5. ದಿನಕ್ಕೆ ಒಂದಿದ್ದದ್ದು ಮೂರನೆಯ ಒಂದು ಭಾಗಕ್ಕಿಂತ ಕಡಿಮೆಗೆ ಇಳಿದಿತ್ತು, ನಿಂತಿರಲಿಲ್ಲ. ಹೊಸ ವಾಲ್ವಿನ ಮೇಲೆ ಅನುಮಾನ ಬಂತು, ಎಂಜಲು ಸವರಿದೆ, ಅದು ಗಟ್ಟಿ. ಉಜ್ಜಿದ್ದ ಒಳಮುಖಕ್ಕೆ ಅಂಟುವಾಳ ಕಟ್ಟಿದೆ, ಇಪ್ಪತ್ತು ನಿಮಿಷ ಕಾದರೂ ನೀರು ಕನ್ನಡಿಯಂತೆ ನಿಂತಿತ್ತು. ಬೇಸರದಿಂದ ಮಗುಚಿದೆ. ಹೊರಮುಖದಲ್ಲಿ, ಮೊದಲ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬರೆದುಕೊಂಡಿದ್ದ ಅದೇ ಮುಖದಲ್ಲಿ, ಒಂದು ಮೂಲೆಯಿಂದ ಸಾಸಿವೆ ಕಾಳಿನಂಥ ಗುಳ್ಳೆಗಳು ಒಂದರ ಹಿಂದೊಂದು.

ತಪ್ಪು ನನ್ನದೇ. ಹೊರಮುಖದ ಅಂಚಿನಲ್ಲೂ ಅದೇ ಬಣ್ಣ, ಅಡಿಯಲ್ಲಿ ಅದೇ ಪುಡಿ. ಅಲ್ಲಿ ಐದು ವರ್ಷದಿಂದ ಅಲ್ಲಾಡದೆ ಕೂತಿದ್ದ ತುಟಿ ಎದ್ದ ಬಣ್ಣವನ್ನು ತಾನೇ ಅದುಮಿಕೊಂಡು ಹೇಗೋ ಸಂದು ಮುಚ್ಚಿತ್ತು. ಯಂತ್ರ ಬಿಡಿಸಿದಾಗ ಆ ಚಕ್ಕೆಗಳು ಕದಲಿದವು. ಟೈರು ಪೂರ್ತಿ ಹೊರಗಿದ್ದಾಗ, ಬ್ರಷ್ ಕೈಯಲ್ಲಿದ್ದಾಗ, ಸೋರದ ಕಡೆಯನ್ನು ಯಾಕೆ ಉಜ್ಜಬೇಕೆಂದು ಜಿಪುಣತನ ಮಾಡಿದ್ದೆ. ಎದುರು ಮನೆಯವರಿಗೆ ಹೇಳಿದಾಗ, "ಎರಡೂ ಕಡೆ ಎಂದು ಬೇರೆ ಹೇಳಬೇಕಿತ್ತೇನಪ್ಪಾ?" ಎಂದರು.

ಮತ್ತೆ ಅದೇ ಅಂಗಡಿ. ಸ್ಟೂಲು ನನಗಾಗಿಯೇ ಎಂಬಂತೆ ಅಲ್ಲೇ ಇತ್ತು. ಈ ಸಲ ಹೊರಗಿನ ಅಂಚನ್ನು ಸುತ್ತಲೂ ಉಜ್ಜಿದೆ. ಒಳಗಿನದರಲ್ಲೂ ಹಿಂದಿನ ಸಲ ಗುರುತಿನ ಆಚೆ ಬಿಟ್ಟಿದ್ದ ಭಾಗವನ್ನು ಮುಗಿಸಿದೆ. ಸಮತೋಲನಕ್ಕೆ ಕ್ಲಿಪ್ಪಿನ ತೂಕ ಬೇಡವೆಂದು ಅಂಟಿಸುವ ತೂಕ ಹಾಕಿಸಿಕೊಂಡೆ. ಎರಡು ಸಲದ ಕೂಲಿ, ವಾಲ್ವ್, ಎಮರಿ ಕಾಗದ, ಸೀಲರ್ ಎಲ್ಲ ಸೇರಿ ಒಂದು ಸಾವಿರದೊಳಗೆ ಮುಗಿಯಿತು. ಸೀಳಿದ ಹಲಗೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಮರುದಿನ ಮಂಡ್ಯ ಮುಟ್ಟಿ ಬಂದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿದು ನೋಡಿದೆ.

ಆಯುಧಪೂಜೆಯ ದಿನ ನಾಲ್ಕು ಚಕ್ರಗಳ ಕೆಳಗೂ ನಿಂಬೆಹಣ್ಣಿಟ್ಟು ಕಾರು ಮುಂದೆ ಬಿಡುವ ಮೊದಲು ಮೀಟರು ತಂದೆ. ಅಮ್ಮ ಮಂಗಳಾರತಿ ತಟ್ಟೆ ಹಿಡಿದು ಕಾಯುತ್ತಿದ್ದಳು. ಹದಿನೆಂಟು ದಿನದ ಹಿಂದೆ 33 ತುಂಬಿಸಿದ್ದ ಹಿಂದಿನ ಎಡಚಕ್ರದಲ್ಲಿ 32.5. ಹಿಂದಿನ ಬಲ 32.5. ಮುಂದಿನ ಎಡ 32.5. ಮುಂದಿನ ಬಲ 30.

ಅದಕ್ಕೂ ಅದೇ ಬಣ್ಣ. ಹಿತ್ತಾಳೆ ಬ್ರಷ್ ಡಿಕ್ಕಿಯಲ್ಲೇ ಇದೆ, ಅಂಟುವಾಳವನ್ನು ಈ ಸಲ ದೇವರಾಜ ಮಾರುಕಟ್ಟೆಯಿಂದ ಬೇರೆಯಾಗಿ ಕಾಲು ಕೆ.ಜಿ. ತಂದಿಟ್ಟಿದ್ದೇನೆ.